ಇಬ್ಬರು ದೊಡ್ಡಣ್ಣಂದಿರು

ನನ್ನ ಹಿರಿಯಣ್ಣನ ನಿಜವಾದ ಹೆಸರು ಆಧಾರ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಮನೆಯಲ್ಲಿ ನಾವು ತಮ್ಮ ತಂಗಿಯರು ದೊಡ್ಡಣ್ಣ ಅಂದೆವು. ನಮ್ಮ ಬಾಯಿಂದ ಅದು ಬೀದಿಯವರ ಬಾಯಿಗೆ ಹೋಯಿತು. ಕೊನೆಗೆ ಅವನಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯತೊಡಗಿದರು. ಕುಂದಾಣ ಹೋಬಳಿಯ ನಮ್ಮ ಹಳ್ಳಿಯಲ್ಲಿ ದೊಡ್ಡಣ್ಣ ಅಂದರೆ ಅವನೊಬ್ಬನೇ.

ಕನ್ನಡದ ಪೇಪರಿನವರಿಗೆ, ಟಿವಿಯವರಿಗೆ ಇನ್ನೊಬ್ಬ ದೊಡ್ಡಣ್ಣ ಇದ್ದಾನೆ. ಅದು ಅಮೆರಿಕ. ಅಮೆರಿಕ ಎಂದು ಬರೆದರೆ ಸಪ್ಪೆ ಎನಿಸುತ್ತದೋ ಏನೋ, ಸಂದರ್ಭ ಸಿಕ್ಕಿದರೆ ಸಾಕು, ದೊಡ್ಡಣ್ಣನ ಗುಟುರು, ದೊಡ್ಡಣ್ಣನಿಗೆ ಮುಖಭಂಗ ಎಂದು ಶುರುವಾಗುತ್ತದೆ. ಆ ದೇಶಕ್ಕೂ ಅದೇ ಪದ, ಅದರ ಅಧ್ಯಕ್ಷನಿಗೂ ಅದೇ ಪದ. ನಾನು ದೇವನಹಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಕನ್ನಡ ಟೈಪ್ ಮಾಡುವವಳು. ಮದುವೆ ಕಾರ್ಡು, ತಿಥಿ ಕಾರ್ಡು, ಚುನಾವಣೆ ಬಂದಾಗ ಕರಪತ್ರ. ಒಂದಕ್ಷರ ತಪ್ಪಿದರೆ ಬೀಗರ ಮಧ್ಯೆ ಜಗಳ ಆಗುವುದನ್ನು ನೋಡಿದ್ದೇನೆ. ಆದರೆ ಅಕ್ಷರ ಎಲ್ಲಾ ಸರಿಯಾಗಿದ್ದೂ ಒಂದು ಪದ ಒಂದು ಮನೆಯನ್ನು ಹಾಳು ಮಾಡಿದ್ದನ್ನು ನೋಡಿದ್ದು ನಮ್ಮ ಮನೆಯಲ್ಲೇ.

ಆ ಮನೆ ಹೆಸರಿಗೆ ದೊಡ್ಡಣ್ಣನದು, ನಡೆಯುತ್ತಿದ್ದದ್ದು ಅತ್ತಿಗೆಯಿಂದ. ಗಂಡನ ಮನೆಯ ಸಹವಾಸ ಸಾಕೆಂದು ನಾನು ಒಂದು ಸೂಟ್‌ಕೇಸ್ ಹಿಡಿದು ತವರಿಗೆ ವಾಪಸ್ ಬಂದ ದಿನ ದೊಡ್ಡಣ್ಣ ಬಾಗಿಲಲ್ಲಿ ನಿಂತು, ನಾಲ್ಕು ಜನ ಏನಂತಾರೆ ಎಂದು ಲೆಕ್ಕ ಹಾಕುತ್ತಿದ್ದ. ಅತ್ತಿಗೆ ಅವನನ್ನು ಪಕ್ಕಕ್ಕೆ ಸರಿಸಿ ನನ್ನ ಕೈಯಿಂದ ಸೂಟ್‌ಕೇಸ್ ತೆಗೆದುಕೊಂಡರು. "ಇನ್ನೊಂದು ಮುದ್ದೆ ಜಾಸ್ತಿ ಕಟ್ಟಿದ್ರಾಯ್ತು, ಅದಕ್ಯಾಕೆ ಮುಖ ಹಂಗ್ ಮಾಡ್ಕೊಂಡ್ ನಿಂತಿದ್ದೀರ," ಎಂದರು. ಅಷ್ಟೇ. ಆಮೇಲೆ ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಅವರ ಬಗ್ಗೆ ನನಗೆ ಇದ್ದದ್ದು ಪ್ರೀತಿ ಎಂದು ಬರೆದರೆ ಕಡಿಮೆಯಾಗುತ್ತದೆ. ನಾನು ಅವರ ಋಣದಲ್ಲಿ ಬದುಕಿದವಳು.

ಕೊರೊನಾ ಬಂದ ವರ್ಷ ಅಧಿಕ ಮಾಸವೂ ಬಿದ್ದಿತ್ತು. ಮೊದಲೇ ಮದುವೆಗಳೆಲ್ಲ ಮನೆಯಂಗಳಕ್ಕೆ ಇಳಿದು ಕಾರ್ಡು ಮಾಡಿಸುವವರಿರಲಿಲ್ಲ, ಅಧಿಕ ಮಾಸ ಬಂದ ಮೇಲೆ ಪ್ರೆಸ್ಸಿಗೆ ಹೋಗಿ ನೊಣ ಹೊಡೆಯುವುದಷ್ಟೇ ಕೆಲಸ. ಗಾಂಧಿ ಜಯಂತಿಯ ರಜೆ ದಿನ ಅಮೆರಿಕದ ಅಧ್ಯಕ್ಷನಿಗೂ ಅವನ ಹೆಂಡತಿಗೂ ಕೊರೊನಾ ತಗುಲಿದೆ ಎಂಬ ಸುದ್ದಿ ಬಂತು. ಅಲ್ಲಿ ಚುನಾವಣೆಗೆ ಒಂದು ತಿಂಗಳಷ್ಟೇ ಉಳಿದಿತ್ತು. ಮಾಸ್ಕಿನ ಬಗ್ಗೆ ತಮಾಷೆ ಮಾಡಿಕೊಂಡು ಸಭೆಯ ಮೇಲೆ ಸಭೆ ನಡೆಸುತ್ತಿದ್ದ ಮನುಷ್ಯ ಆತ. ಟಿವಿಯವರಿಗೆ ಹಬ್ಬವಾಯಿತು. ಪರದೆಯ ಕೆಳಗಿನ ಕೆಂಪು ಪಟ್ಟಿಯಲ್ಲಿ ದೊಡ್ಡಣ್ಣನಿಗೂ ವಕ್ಕರಿಸಿದ ಕೊರೊನಾ, ಹೆಂಡತಿಗೂ ಪಾಸಿಟಿವ್ ಎಂದು ಓಡಿಸಿದರು.

ನಮ್ಮೂರಿನ ಹಾಲು ಹಾಕುವವರದು ಒಂದು ವಾಟ್ಸಾಪ್ ಗುಂಪಿದೆ. ಯಾರೋ ಪುಣ್ಯಾತ್ಮರು ಆ ಸಾಲನ್ನು ಹಾಗೇ ಅದರಲ್ಲಿ ಹಾಕಿದರು. ಕೆಳಗೆ ಎಲ್ಲರೂ ಹುಷಾರು ಎಂದು ತಮ್ಮದೂ ಒಂದು ಮಾತು ಸೇರಿಸಿದರು. ಅಮೆರಿಕ ಎಂಬ ನಾಲ್ಕಕ್ಷರ ಒತ್ತಲು ಬೆರಳಿಗೆ ಬೇಜಾರಾಗಿರಬೇಕು. ದೊಡ್ಡಣ್ಣನಿಗೆ ಮೊದಲೇ ಬೀಡಿಯ ಕೆಮ್ಮು. ಹಿಂದಿನ ವಾರ ಬೆಂಗಳೂರಿಗೆ ಬೇರೆ ಹೋಗಿ ಬಂದಿದ್ದ. ಇನ್ನೇನು ಬೇಕು. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ ನಮ್ಮವರು.

ಸಂಜೆ ಅತ್ತಿಗೆ ಎಂದಿನಂತೆ ಕ್ಯಾನ್ ಹಿಡಿದು ಡೈರಿಗೆ ಹೋದರು. ಸಾಲಿನಲ್ಲಿದ್ದವರು ಚೆದುರಿ ಆಚೀಚೆ ಸರಿದರಂತೆ. ಪಕ್ಕದ ಮನೆಯ ಹೆಂಗಸು, ಬೆಳಗ್ಗೆ ತಾನೆ ನಮ್ಮ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಇಸಿದುಕೊಂಡು ಹೋದವಳು, ಸೆರಗನ್ನು ಮೂಗಿಗೆ ಒತ್ತಿಕೊಂಡಳಂತೆ. ಕಿಟಕಿಯ ಒಳಗಿಂದ ಡೈರಿಯ ಕಾರ್ಯದರ್ಶಿ ಹೇಳಿದ ಮಾತನ್ನು ಅತ್ತಿಗೆ ನನಗೆ ಎಷ್ಟು ಸಲ ಹೇಳಿದರೋ: "ನಿಮ್ ಹಾಲು ಬ್ಯಾಡ ಅಕ್ಕ. ಎಲ್ಲಾರ್ ಹಾಲೂ ಒಂದೇ ಕಡೆ ಬೀಳೋದು, ಊರ್ ಹಾಲೆಲ್ಲಾ ವಾಪಸ್ ಬಂದ್ರೆ ಯಾರ್ ಜವಾಬ್ದಾರಿ?" ಏನಾಯಿತು ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ತುಂಬಿದ ಕ್ಯಾನ್ ಹೊತ್ತು ಊರ ನಡುವಿನ ಬೀದಿಯಲ್ಲೇ ನಡೆದು ಬಂದರು. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಅವರ ಹಾಲಿಗೆ ನೀರು ಬಿದ್ದಿದೆ ಎಂದವರಿರಲಿಲ್ಲ. ಆ ಹಾಲನ್ನು ಕಾಸಲೂ ಇಲ್ಲ, ಕರುಗಳ ಮುಂದೆ ಸುರಿದುಬಿಟ್ಟರು.

ಮರುದಿನ ಬೆಳಗ್ಗೆ ಟಿವಿಯಲ್ಲಿ ಹೆಲಿಕಾಪ್ಟರ್ ಬಂತು. ದೊಡ್ಡಣ್ಣ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಎಂದು ಓದಿದ ಮೇಲೆ ನಮ್ಮೂರಿಗೆ ಬುದ್ಧಿ ಬಂತು. ಬೀಡಿ ಸೇದುವ ನಮ್ಮ ದೊಡ್ಡಣ್ಣನಿಗೆ ಯಾರು ಹೆಲಿಕಾಪ್ಟರ್ ಕಳಿಸುತ್ತಾರೆ. ಅರಳಿಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕರು. ಕಾರ್ಯದರ್ಶಿಯೂ ಮನೆಯ ಮುಂದೆ ಬೈಕು ನಿಲ್ಲಿಸಿ ನಕ್ಕ, ಸಂಜೆಯಿಂದ ಹಾಲು ತನ್ನಿ ಎಂದ. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ. ಅವರ ಪ್ರಕಾರ ಅದು ತಪ್ಪಲ್ಲ, ತಮಾಷೆ. ಅತ್ತಿಗೆ ನಗಲಿಲ್ಲ. ಅವರು ಡೈರಿಗೆ ಹೋದರು, ಆದರೆ ಅಂದಿನಿಂದ ಸಾಲಿನಲ್ಲಿ ನಿಲ್ಲದೆ ಎಲ್ಲರೂ ಹೋದ ಮೇಲೆ ಕೊನೆಯಲ್ಲಿ ಹೋಗುತ್ತಿದ್ದರು.

ದೊಡ್ಡಣ್ಣನಿಗೆ ಮಾತ್ರ ಇದರಿಂದ ಒಂದು ಹೊಸ ಹೆಮ್ಮೆ ಬಂತು. ಊರವರು ಏನಪ್ಪಾ ಅಮೆರಿಕಾ ಎಂದು ರೇಗಿಸಲು ಶುರು ಮಾಡಿದರು. ಇವನಿಗೆ ಅದು ಬಿರುದಿನಂತೆ ಕೇಳಿಸಿತು. ರಾತ್ರಿ ಮುದ್ದೆ ಉಂಡು ಟಿವಿ ಮುಂದೆ ಕೂತರೆ ಅಮೆರಿಕದ ಪ್ರಚಾರವೇ. ಆ ಅಧ್ಯಕ್ಷ ಆಸ್ಪತ್ರೆಯಲ್ಲಿದ್ದುಕೊಂಡೇ ಕಾರಿನಲ್ಲಿ ಒಂದು ಸುತ್ತು ಬಂದು, ರಸ್ತೆಯಲ್ಲಿ ನಿಂತ ತನ್ನ ಕಡೆಯವರಿಗೆ ಕೈ ಬೀಸಿದ. ಕಾರಿನೊಳಗೆ ಜೊತೆಗಿದ್ದವರ ಗತಿ ಏನು ಎಂದು ನಾನು ಕೇಳಿದೆ, ದೊಡ್ಡಣ್ಣನಿಗೆ ಕೇಳಿಸಲಿಲ್ಲ. ಮೂರು ದಿನಕ್ಕೆ ಆತ ಮನೆಗೆ ಬಂದ. ಉಪ್ಪರಿಗೆಯಲ್ಲಿ ನಿಂತು, ಏದುಸಿರು ಬಿಡುತ್ತಲೇ, ಮಾಸ್ಕ್ ಕಿತ್ತು ಜೇಬಿಗೆ ಹಾಕಿಕೊಂಡ. ಈ ರೋಗಕ್ಕೆ ಹೆದರಬೇಡಿ ಎಂದು ದೇಶಕ್ಕೆಲ್ಲ ಹೇಳಿದ. ದೊಡ್ಡಣ್ಣ ತೊಡೆ ತಟ್ಟಿಕೊಂಡ. "ನೋಡಮ್ಮ, ಗಂಡ್ಸು ಅಂದ್ರೆ ಅವ್ನು. ನಮ್ಮೋರು ಸುಮ್ನೆ ಹೆದರ್ಸಿ ಹೆದರ್ಸಿ ಸಾಯಿಸ್ತಾವ್ರೆ."

ಆ ಮನುಷ್ಯನ ಸುತ್ತ ಎಷ್ಟು ಜನ ಡಾಕ್ಟರಿದ್ದರು, ಎಂಥೆಂಥ ಔಷಧಿ ಇತ್ತು ಎಂಬುದೂ ಅದೇ ಟಿವಿಯಲ್ಲಿ ಬಂದಿತ್ತು. ಅದು ಇವನ ಕಿವಿಗೆ ಬೀಳಲಿಲ್ಲ, ಜೇಬಿಗೆ ಹೋದ ಮಾಸ್ಕ್ ಮಾತ್ರ ಕಣ್ಣಿಗೆ ಬಿತ್ತು. ಆತ ವಿಮಾನದಲ್ಲಿ ಇಳಿದು, ಆ ವಿಮಾನದ ಮುಂದೆಯೇ ಸಾವಿರಾರು ಜನರಿಗೆ ಭಾಷಣ ಮಾಡಿ, ಮತ್ತೆ ಅದನ್ನೇ ಹತ್ತಿ ಮುಂದಿನ ಊರಿಗೆ ಹೋಗುತ್ತಿದ್ದ. ನಮ್ಮ ಏರ್‌ಪೋರ್ಟಿನಲ್ಲೂ ಹೀಗೆ ಮಾಡಬಹುದಿತ್ತು, ಜಾಗ ಎಷ್ಟಿದೆ ಎಂದು ದೊಡ್ಡಣ್ಣ ಆಸೆಪಟ್ಟ. ಎದುರಾಳಿ ವಯಸ್ಸಾದ ಮನುಷ್ಯ, ಮುಖದ ತುಂಬ ಮಾಸ್ಕ್. ಜನರನ್ನು ಕಾರಿನಲ್ಲೇ ಕೂರಿಸಿ ಭಾಷಣ ಮಾಡುತ್ತಿದ್ದ. ಅವರು ಚಪ್ಪಾಳೆಯ ಬದಲು ಹಾರನ್ ಹೊಡೆಯುತ್ತಿದ್ದರು. ದೊಡ್ಡಣ್ಣ ನಕ್ಕು ಸುಸ್ತಾದ. ಹಂಗಾದ್ರೆ ನೆಲಮಂಗಲದ ಹೈವೇಲಿ ದಿನಾ ಲಾರಿಯವರು ಯಾರಿಗೆ ವೋಟ್ ಹಾಕ್ತಾವ್ರೆ ಎಂದು ಅತ್ತಿಗೆಯನ್ನು ಕೇಳಿದ. ಅವರಿಗೂ ಸ್ವಲ್ಪ ನಗು ಬಂತು. ಆ ಹಾರನ್ನಿನ ಮುದುಕನೇ ಗೆದ್ದಾಗ ಮಾತ್ರ ದೊಡ್ಡಣ್ಣ ಮೋಸ ನಡೆದಿದೆ ಎಂದು ಸಾಧಿಸಿದ. ಸೋತವನೂ ಅಲ್ಲಿ ಅದನ್ನೇ ಹೇಳುತ್ತಿದ್ದನಲ್ಲ.

ಅಷ್ಟರಲ್ಲಿ ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ದೊಡ್ಡಣ್ಣ ನಾಮಪತ್ರ ಹಾಕಿದ, ಆಟೋರಿಕ್ಷಾ ಗುರುತು ಸಿಕ್ಕಿತು. ಕರಪತ್ರ ನಾನೇ ಟೈಪ್ ಮಾಡಿದೆ. ದೊಡ್ಡಣ್ಣ ಎಂದೇ ಚಿರಪರಿಚಿತರಾದ ಎಂದು ಶುರು, ಮಾಸ್ಕ್ ಧರಿಸಿ ಅಂತರ ಕಾಪಾಡಿ ಎಂದು ಕೊನೆ. ಮಧ್ಯದಲ್ಲಿ ಹಲ್ಲು ಬಿಟ್ಟುಕೊಂಡು ಕೈ ಮುಗಿದ ಅವನ ಬರಿ ಮುಖದ ಫೋಟೋ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ ಇವನೂ ಮಾಸ್ಕನ್ನು ಜೇಬಿನಲ್ಲಿಟ್ಟುಕೊಂಡೇ ಮನೆ ಮನೆ ತಿರುಗಿದ. ಮುಖವೇ ಕಾಣದಿದ್ದರೆ ವೋಟು ಯಾರಿಗೆ ಹಾಕುತ್ತಾರೆ ಎಂಬುದು ಅವನ ವಾದ. ಅವನ ಹಿಂದೆ ಹಿಂಡು ಜನ. ದಿನಾ ಮಧ್ಯಾಹ್ನ ಅವರೆಲ್ಲರ ಊಟ ನಮ್ಮ ನಡುಮನೆಯಲ್ಲಿ, ಒಲೆಯ ಮುಂದೆ ಅತ್ತಿಗೆ.

ಅದು ಅವರೆಕಾಯಿ ಕಾಲ. ನಮ್ಮ ಕಡೆ ಸೊಗಡಿಲ್ಲದ ಅವರೆಯನ್ನು ಯಾರೂ ಮುಟ್ಟುವುದಿಲ್ಲ. ಕಾಯಿಯ ಮೇಲಿನ ಆ ಜಿಡ್ಡು ವಾಸನೆಯೇ ಅದರ ಬೆಲೆ. ಮಾರ್ಕೆಟ್ಟಿನಲ್ಲಿ ಹಿಡಿ ಕಾಯಿ ಎತ್ತಿ ಮೂಗಿಗೆ ಹಿಡಿದೇ ಚೌಕಾಸಿಗೆ ಇಳಿಯುವುದು. ಅತ್ತಿಗೆಗಂತೂ ಬಾಗಿಲಾಚೆ ಚೀಲ ಇಳಿಸಿದರೆ ಒಳಗಿಂದಲೇ ಯಾವ ಹೊಲದ ಕಾಯಿ ಎಂದು ಹೇಳುವ ಮೂಗು. ಮತದಾನಕ್ಕೆ ಒಂದು ವಾರ ಇದ್ದಾಗ ಒಂದು ಬೆಳಗ್ಗೆ ಅವರೂ ನಾನೂ ಕಾಯಿ ಬಿಡಿಸುತ್ತ ಕೂತಿದ್ದೆವು. ಕೈಯೆಲ್ಲ ಅಂಟಂಟು, ಮನೆಯೆಲ್ಲ ಘಮಘಮ. ಅತ್ತಿಗೆ ಒಂದು ಹಿಡಿ ಎತ್ತಿ ಮೂಗಿನ ಹತ್ತಿರ ಹಿಡಿದು ಮುಖ ಗಂಟಿಕ್ಕಿದರು.

"ಇದ್ಯಾವ್ ಅವರೇಕಾಯಿ ತಂದವ್ರಮ್ಮ ನಿಮ್ಮಣ್ಣ, ಒಂದ್ ಚೂರೂ ಸೊಗಡೇ ಇಲ್ಲ."

ನನ್ನ ಕೈ ನಿಂತುಬಿಟ್ಟಿತು. ಇನ್ನೊಂದು ಸಲ ಮೂಸಿ ನೋಡಿ ಎಂದೆ. ಅವರು ನನ್ನ ಮುಖ ನೋಡಿದರು, ಮತ್ತೆ ಮೂಸಿದರು. ಆಮೇಲೆ ಎದ್ದು ಹೋಗಿ ಹಿಂಗಿನ ಡಬ್ಬಿ ತೆಗೆದು ಅದನ್ನೂ ಮೂಸಿದರು. ವಾಪಸ್ ಬಂದು ಕೂತು ಸಿಪ್ಪೆ ಗುಡಿಸಲು ಶುರು ಮಾಡಿದರು. ಎರಡು ದಿನದಿಂದ ಮೈಕೈ ನೋವು ಅನ್ನುತ್ತಿದ್ದರು. ಅಷ್ಟು ಜನಕ್ಕೆ ಬೇಯಿಸಿದರೆ ನೋವಾಗದೆ ಇನ್ನೇನು ಎಂದು ನಾನೂ ಅಂದುಕೊಂಡಿದ್ದೆ.

ಅಂದು ಸಂಜೆ ದೊಡ್ಡಣ್ಣನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, ಅತ್ತಿಗೆಗೆ ವಾಸನೆಯೇ ತಿಳಿಯುತ್ತಿಲ್ಲ ಎಂದು ಹೇಳಿದೆ. ನಾಳೆಯೇ ಟೆಸ್ಟ್ ಮಾಡಿಸು, ಆಮೇಲೆ ನಿನ್ನ ಚುನಾವಣೆ ಎಂದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಕೂಗಾಡಿ ನಾಲ್ಕು ಜನ ಸೇರುತ್ತಿದ್ದರೇನೋ. ಮೆಲ್ಲಗೆ, ಬುದ್ಧಿ ಹೇಳುವವನ ಹಾಗೆ ಮಾತಾಡಿದ. "ಹೋದ್ಸಲ ಇಲ್ದಿದ್ದಕ್ಕೇ ಊರೆಲ್ಲಾ ಉಗೀತಲ್ಲಮ್ಮ. ಈಗ ಇದೆ ಅಂತ ಗೊತ್ತಾದ್ರೆ ಮನೇಗೇ ಬೋರ್ಡ್ ಹಾಕ್ಬಿಡ್ತಾರೆ. ಒಂದ್ ವಾರ ಅಷ್ಟೇ. ಆ ದೊಡ್ಡಣ್ಣ ಮೂರೇ ದಿನಕ್ಕೆ ಎದ್ದು ಓಡಾಡ್ಲಿಲ್ವಾ?"

ಹೋದ ಸಲ ಉಗಿಸಿಕೊಂಡದ್ದು ಅವನಲ್ಲ. ಕ್ಯಾನ್ ಹೊತ್ತು ವಾಪಸ್ ಬಂದವರು ಅತ್ತಿಗೆ. ಅದನ್ನು ಅವನ ಮುಖಕ್ಕೇ ಹೇಳಿದೆ. ಮರುದಿನ ಅವನನ್ನು ಕೇಳದೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕರೆಸಿದೆ. ಆಕೆ ಬಾಗಿಲಿಗೆ ಬಂದಾಗ ದೊಡ್ಡಣ್ಣ ಅಡ್ಡ ನಿಲ್ಲುತ್ತಾನೆ ಎಂದು ಜಗಳಕ್ಕೆ ಸಿದ್ಧವಾಗಿದ್ದೆ. ಅವನು ಅಲುಗಾಡಲೇ ಇಲ್ಲ. ಅತ್ತಿಗೆಯೇ ಹಣೆಗೆ ಕುಂಕುಮ ಇಟ್ಟುಕೊಂಡು ಹೊರಗೆ ಬಂದು, ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ ಎಂದು ನಗುತ್ತ ಆಕೆಯನ್ನು ಸಾಗಹಾಕಿದರು. ಒಳಗೆ ಬಂದವರು ಗೋಡೆ ಹಿಡಿದು ಕೂತರು. ನಾನು ಅಳುತ್ತ ಬೈದೆ. ಅವರು ನನ್ನ ಕೈ ಹಿಡಿದುಕೊಂಡರು, ಅವರ ಅಂಗೈ ಸುಡುತ್ತಿತ್ತು.

"ಇನ್ನೊಂದ್ಸಲ ಕ್ಯಾನ್ ಹೊತ್ಕೊಂಡ್ ವಾಪಸ್ ಬರಕ್ಕಾಗಲ್ಲ ಕಣಮ್ಮ ನನ್ ಕೈಲಿ," ಎಂದರು.

ಊರಿನವರಿಗೆ ಅದು ಒಂದು ಸಂಜೆಯ ತಮಾಷೆ. ಅತ್ತಿಗೆಗೆ ಅದು ಜ್ವರಕ್ಕಿಂತ ದೊಡ್ಡ ಭಯವಾಗಿ ಒಳಗೇ ಕೂತಿತ್ತು. ಆ ಭಯ ದೊಡ್ಡಣ್ಣನಿಗೆ ಅನುಕೂಲವಾಗಿತ್ತು, ಅದಕ್ಕೇ ಅವನು ಸುಮ್ಮನೆ ನಿಂತಿದ್ದ.

ಮತದಾನದ ದಿನ ಶಾಲೆಯ ಬಾಗಿಲಲ್ಲಿ ಹಣೆಗೆ ಮೆಷಿನ್ ಹಿಡಿದು ಜ್ವರ ನೋಡುತ್ತಿದ್ದರು. ಜ್ವರ ಇದ್ದವರು ಕೊನೆಯ ಹೊತ್ತಿನಲ್ಲಿ ಬೇರೆಯಾಗಿ ಬರಬೇಕು, ಅಂದರೆ ಊರಿಗೆಲ್ಲ ಗೊತ್ತಾಗಬೇಕು. ಅಭ್ಯರ್ಥಿಯ ಹೆಂಡತಿಯೇ ವೋಟಿಗೆ ಬರಲಿಲ್ಲವಂತೆ ಎಂದು ನಾಲ್ಕು ಜನ ಅಂದರೆ ಹೇಗೆ. ದೊಡ್ಡಣ್ಣ ಜ್ವರದ ಮಾತ್ರೆ ತಂದುಕೊಟ್ಟ. ಅತ್ತಿಗೆ ನುಂಗಿ, ಬೆವರು ಬಿಟ್ಟ ಮೇಲೆ, ಮದುವೆ ಮನೆಗೆ ಉಡುವ ಸೀರೆ ಉಟ್ಟು ನನ್ನ ತೋಳು ಹಿಡಿದು ಹೋದರು. ಮೆಷಿನ್ ಏನೂ ಹೇಳಲಿಲ್ಲ. ಒಳಗೆ ಹೋಗಿ ಆಟೋರಿಕ್ಷಾಕ್ಕೆ ಮುದ್ರೆ ಒತ್ತಿ ಬಂದರು. ವಾಪಸ್ ಬರುವಾಗ ದಾರಿಯಲ್ಲಿ ಡೈರಿಯ ಜಗಲಿಯ ಮೇಲೆ ಕೂರಬೇಕಾಯಿತು. ಉಸಿರು ಸಿಗುತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದು ಅಲ್ಲೇ, ಮೊದಲ ಸಲ.

ಬೆಳಗಾಗುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಆ ಅಧ್ಯಕ್ಷನಿಗೆ ಹೆಲಿಕಾಪ್ಟರ್ ಇತ್ತು. ನಮ್ಮ ಅತ್ತಿಗೆಗೆ ಸಿಕ್ಕಿದ್ದು ಪ್ರಚಾರಕ್ಕೆ ಬಾಡಿಗೆಗೆ ಹಿಡಿದಿದ್ದ ಟೆಂಪೊ. ಮೇಲೆ ಕಟ್ಟಿದ್ದ ಮೈಕು ಇನ್ನೂ ಬಿಚ್ಚಿರಲಿಲ್ಲ, ಎರಡೂ ಪಕ್ಕದಲ್ಲಿ ದೊಡ್ಡಣ್ಣ ಕೈ ಮುಗಿದುಕೊಂಡು ನಗುತ್ತಿದ್ದ. ಹಿಂದೆ ಹಾಸಿದ ಚಾಪೆಯ ಮೇಲೆ ಅತ್ತಿಗೆಯ ತಲೆ ನನ್ನ ತೊಡೆಯ ಮೇಲಿತ್ತು. ದೇವನಹಳ್ಳಿ ಆಸ್ಪತ್ರೆಯಲ್ಲಿ ನೋಡಿದವರು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೂ ಕೇಳಿದರು. ದೊಡ್ಡಣ್ಣ ನಿನ್ನೆಯಿಂದ ಶುರುವಾಯಿತು ಎಂದ. ಬೆಂಗಳೂರಿನಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಮಗೆ ಕಂಡದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಮೂಟೆ. ಮುಖ ನೋಡಲು ಬಿಡಲಿಲ್ಲ. ಅಲ್ಲೇ ಸುಟ್ಟರು.

ಎಣಿಕೆಯಾದಾಗ ದೊಡ್ಡಣ್ಣ ಗೆದ್ದ. ದೊಡ್ಡ ಅಂತರದಲ್ಲೇ ಗೆದ್ದ. ಅತ್ತಿಗೆ ಅಂದು ಹಾಸಿಗೆಯಿಂದ ಏಳದಿದ್ದರೂ ಗೆಲ್ಲುತ್ತಿದ್ದ.

ಹನ್ನೊಂದನೆಯ ದಿನಕ್ಕೆ ಅವನ ಕಡೆಯವರು ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದರು. ಟೈಪ್ ಮಾಡಲು ನನ್ನ ಹತ್ತಿರವೇ ಬಂದಿದ್ದರು. ದೊಡ್ಡಣ್ಣನವರ ಧರ್ಮಪತ್ನಿ ಹೃದಯಾಘಾತದಿಂದ ದೈವಾಧೀನರಾದರು ಎಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಮೂಲೆಯಲ್ಲಿ ಆಟೋರಿಕ್ಷಾ ಇರಲಿ ಎಂದೂ ಹೇಳಿದರು. ನಾನು ಚೀಟಿಯನ್ನು ಅವರ ಕೈಗೇ ವಾಪಸ್ ಕೊಟ್ಟೆ. ದೊಡ್ಡಬಳ್ಳಾಪುರದಲ್ಲಿ ಮಾಡಿಸಿಕೊಂಡು ಬಂದರು. ತಿಥಿಗೆ ಊರೆಲ್ಲ ಬಂದು ಉಂಡಿತು. ಕಾರ್ಯದರ್ಶಿ ಕಣ್ಣೊರೆಸಿಕೊಂಡು, ಅಕ್ಕನ ಹಾಲಿನಂಥ ಹಾಲು ಈ ಊರಲ್ಲಿ ಇನ್ನಿಲ್ಲ ಎಂದ. ಎದ್ದು ಅವನ ಎಲೆಗೆ ನೀರು ಸುರಿಯಬೇಕು ಎನ್ನಿಸಿತು.

ಸ್ವಲ್ಪ ದಿನಕ್ಕೆ ಅಮೆರಿಕದ ಹೊಸ ಅಧ್ಯಕ್ಷ ಪ್ರಮಾಣ ಮಾಡಿದ. ಹಿಂದಿನ ಸಂಜೆ ಅಲ್ಲಿ ಒಂದು ಉದ್ದನೆಯ ಕೊಳದ ಸುತ್ತ, ಕೊರೊನಾದಿಂದ ಸತ್ತವರ ನೆನಪಿಗೆಂದು, ದೀಪ ಹಚ್ಚಿದ್ದನ್ನು ಟಿವಿಯಲ್ಲಿ ತೋರಿಸಿದರು. ಅದೂ ರಾಜಕೀಯವೇ, ನನಗೆ ಗೊತ್ತು. ಆದರೂ ಬಾಯಿ ಬಿಟ್ಟು ಇದರಿಂದ ಸತ್ತರು ಎಂದಾದರೂ ಹೇಳಿದರಲ್ಲ ಎಂದು ಹೊಟ್ಟೆ ಉರಿಯಿತು. ದೊಡ್ಡಣ್ಣ ಚಾನೆಲ್ ಬದಲಾಯಿಸಿದ.

ಮುಂದಿನ ತಿಂಗಳು ಸದಸ್ಯರೆಲ್ಲ ಸೇರಿ ದೊಡ್ಡಣ್ಣನನ್ನು ಪಂಚಾಯಿತಿ ಅಧ್ಯಕ್ಷನನ್ನಾಗಿ ಮಾಡಿದರು. ಹಾರ, ಶಾಲು, ಪಟಾಕಿ. ರಾತ್ರಿ ಎಲ್ಲ ಮುಗಿಸಿ ಊಟಕ್ಕೆ ಕೂತ. ಒಲೆಯ ಮುಂದೆ ಈಗ ನಾನು. ಕಡೆಗಾಲದ ಅವರೆ, ಬೇಳೆ ಹಿತುಕಿ ಸಾರು ಮಾಡಿದ್ದೆ. ಮುದ್ದೆ ಇಡುವಾಗ ಅವನು ನನ್ನ ಮುಖ ನೋಡದೆ ಕೇಳಿದ.

"ಯಾಕಮ್ಮ, ಈಚೆಗೆ ನನ್ನ ದೊಡ್ಡಣ್ಣ ಅನ್ನೋದ್ನೇ ಬಿಟ್ಬಿಟ್ಟಿದ್ದೀಯ?"

"ದೊಡ್ಡಣ್ಣಂಗೂ ಅವ್ನ್ ಹೆಂಡ್ತಿಗೂ ಕೊರೊನಾ ಬಂದಿತ್ತು ಅಂತ ಊರೇ ಹೇಳಿತ್ತಲ್ಲ ಅಧ್ಯಕ್ಷರೇ," ಎಂದೆ. "ನಮ್ಮನೇಲಿ ಯಾರಿಗೂ ಬಂದಿರ್ಲಿಲ್ವಲ್ಲ, ನೀವ್ ಹೆಂಗ್ ದೊಡ್ಡಣ್ಣ ಆಗ್ತೀರ?"

ಸಾರು ಬಡಿಸಿದೆ. ಅಧ್ಯಕ್ಷರು ತಲೆ ಎತ್ತದೆ ಊಟ ಮುಗಿಸಿದರು.